ಮುಂಬೈಯಲ್ಲಿ ಚಳಿಗಾಲ ನೋಡಲು ಕಲಿತದ್ದು

ಡಿಸೆಂಬರ್ ಬಂತೆಂದರೆ ಅಮ್ಮ ಉಡುಪಿಯಿಂದ ಫೋನ್ ಮಾಡಿ "ಅಲ್ಲಿ ಚಳಿ ಉಂಟಾ?" ಅಂತ ಕೇಳುತ್ತಾರೆ. ಎಷ್ಟೋ ವರ್ಷ "ಎಲ್ಲಿಯ ಚಳಿ ಅಮ್ಮ, ಫ್ಯಾನ್ ಹಾಕಿಯೇ ಮಲಗ್ತೇವೆ" ಅಂದಿದ್ದೇನೆ. ಇದೇ ಮುಂಬೈಯ ಸಾಂತಾಕ್ರೂಜ್‌ನಲ್ಲಿ 1962ರ ಜನವರಿಯಲ್ಲಿ 7.4 ಡಿಗ್ರಿಗೆ ಇಳಿದಿತ್ತು. ಈಗ ಬೆಳಗಿನ ಜಾವ 16-17 ಡಿಗ್ರಿಗೆ ಇಳಿದರೆ ಅದೇ ದೊಡ್ಡ ಚಳಿ.

ಮೊದಲು ನನ್ನ ಗಮನಕ್ಕೆ ಬಂದದ್ದು ಒಣಗಲು ಹಾಕಿದ ಬಟ್ಟೆ. ವಡಾಲಾದಲ್ಲಿ ನಮ್ಮ ಗ್ಯಾಲರಿ ಪಶ್ಚಿಮಕ್ಕಿದೆ. ಚಳಿಗಾಲದ ಬೆಳಿಗ್ಗೆ ಬಟ್ಟೆ ಹೊರಕ್ಕೆ ಹಾರುತ್ತದೆ, ಮಧ್ಯಾಹ್ನ ಒಳಕ್ಕೆ ಬಂದು ಗ್ರಿಲ್‌ಗೆ ಅಂಟುತ್ತದೆ. ರಾತ್ರಿ ನೆಲ ಕಡಲಿಗಿಂತ ಬೇಗ ತಣಿಯುತ್ತದಲ್ಲ, ಹಾಗಾಗಿ ಬೆಳಗಿನ ಗಾಳಿ ನೆಲದಿಂದ ಕಡಲಿಗೆ ಹೋಗುವುದು. ಒಣ ಗಾಳಿ. ತುಟಿ ಒಡೆಯುತ್ತದೆ, ಜೀನ್ಸ್ ಕೂಡ ಹನ್ನೆರಡರೊಳಗೆ ಒಣಗುತ್ತದೆ.

ಆಮೇಲೆ ಫ್ಲೆಮಿಂಗೊ ನೋಡಲು ಶಿವ್ಡಿ ಜೆಟ್ಟಿಗೆ ಹೋಗಲು ಶುರು ಮಾಡಿದೆ. ಹಾರ್ಬರ್ ಲೈನ್‌ನಲ್ಲಿ ನಮಗೆ ಮುಂದಿನ ಸ್ಟೇಷನ್ನೇ. ಮೊದಲ ಭಾನುವಾರ ಸುಮ್ನೆ ಎಂಟು ಗಂಟೆಗೆ ಹೋದೆ. ಪೂರ್ತಿ ಇಳಿತದ ಹೊತ್ತು. ದೂರದಲ್ಲಿ ಒಂದು ಗುಲಾಬಿ ಗೆರೆ, ಅಷ್ಟೇ. ನೀರಿನ ಜೊತೆ ಫ್ಲೆಮಿಂಗೊಗಳೂ ದೂರ ಹೋಗಿಬಿಟ್ಟಿದ್ದವು. ಭರತದ, ಅಂದರೆ ಕಡಲು ಉಬ್ಬುವ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಈಗ ಅದನ್ನು ನೋಡಿಕೊಂಡೇ ಹೊರಡುತ್ತೇನೆ. ಭರತ ಮುಗಿದು ನೀರು ಇಳಿಯಲು ಶುರುವಾಗಿ, ದಡದ ಹತ್ತಿರ ಕೆಸರು ಆಗತಾನೇ ಕಾಣುವ ಹೊತ್ತಿಗೆ ಅಲ್ಲಿರಬೇಕು.

ಅಂಥ ಒಂದು ಜನವರಿ ಬೆಳಿಗ್ಗೆ ಹಕ್ಕಿಗಳು ಇಷ್ಟು ಹತ್ತಿರ ಬಂದವು, ಕೆಸರಲ್ಲಿ ಕಾಲು ತುಳಿಯುವುದೂ ಕಾಣುತ್ತಿತ್ತು. ಕಾಲಿಂದ ಕೆಸರು ಕಲಕಿ, ಕತ್ತು ಬಗ್ಗಿಸಿ, ಕೊಕ್ಕನ್ನು ತಲೆಕೆಳಗು ಮಾಡಿ ಸೋಸಿ ತಿನ್ನುತ್ತವೆ. ಎತ್ತರದವು ಬೆಳ್ಳಗೆ, ಗಿಡ್ಡದವು ಹೆಚ್ಚು ಗುಲಾಬಿ, ಕೊಕ್ಕು ಕಡುಗೆಂಪು. ಆ ಗುಲಾಬಿ ಬಣ್ಣ ಹುಟ್ಟಿನಿಂದ ಬಂದದ್ದಲ್ಲ, ತಿನ್ನುವ ಪಾಚಿ, ಸಣ್ಣ ಜೀವಿಗಳಿಂದ ಬರುತ್ತದೆ. ಹಿಂದೆ ಮಂಜಿನೊಳಗೆ ಅಟಲ್ ಸೇತು ಅರ್ಧ ಮಾಯವಾಗಿತ್ತು. ಮಂಜು ಅಂದೆ, ಅದರಲ್ಲಿ ಧೂಳೂ ಹೊಗೆಯೂ ಸೇರಿದೆ. ಚೆಂದ ಕಂಡರೂ ಅದನ್ನು ಮರೆಯಲು ನನಗೆ ಆಗುವುದಿಲ್ಲ.

ಸಂಜೆಯ ಜಾಗ ಮರೀನ್ ಡ್ರೈವ್. ಚರ್ಚ್‌ಗೇಟ್ ಎದುರು, ಯಾವಾಗಲೂ ಒಂದೇ ಕಡೆ ಕೂರುತ್ತೇನೆ. ಜೂನ್‌ನಲ್ಲಿ ಸೂರ್ಯ ಮಲಬಾರ್ ಹಿಲ್ ಹಿಂದೆ ಹೋಗುತ್ತಾನೆ. ಡಿಸೆಂಬರ್‌ನಲ್ಲಿ ಎಡಕ್ಕೆ, ಅಂದರೆ ದಕ್ಷಿಣಕ್ಕೆ ಸರಿದು ನೇರ ಕಡಲಿಗೇ ಇಳಿಯುತ್ತಾನೆ, ಆರು ಗಂಟೆಯ ಆಸುಪಾಸಿನಲ್ಲಿ. ಒಂದೇ ಜಾಗದಲ್ಲಿ ಕೂತಿದ್ದಕ್ಕೇ ಇದು ಗೊತ್ತಾದದ್ದು.

ಸೀಗಲ್‌ಗಳು ಬರುವುದೂ ಈಗಲೇ. ಕಂದು ತಲೆಯವು ಲಡಾಖ್‌ನ ಸರೋವರಗಳಲ್ಲಿ ಮರಿ ಮಾಡುತ್ತವೆ. ಜನ ಗಾಠಿಯಾ ಎಸೆಯುತ್ತಾರೆ. ದಯವಿಟ್ಟು ಬೇಡ, ಕರಿದ ಉಪ್ಪು ತಿಂಡಿ ಅವುಗಳ ಹೊಟ್ಟೆಗೆ ಆಗುವಂಥದ್ದಲ್ಲ. ಕಂದು ತಲೆಯವು ಅಂದರೂ ಚಳಿಗಾಲ ಪೂರ್ತಿ ಅವುಗಳ ತಲೆ ಬಿಳಿ, ಕಣ್ಣಿನ ಹಿಂದೆ ಒಂದು ಕಪ್ಪು ಬೊಟ್ಟು ಮಾತ್ರ. ಫೆಬ್ರವರಿ ಮುಗಿಯುವ ಹೊತ್ತಿಗೆ ತಲೆಗೆ ಕಂದು ಬಣ್ಣ ಏರಲು ಶುರುವಾಗುತ್ತದೆ. ಆ ಬಣ್ಣ ಕಂಡ ದಿನ ಅಮ್ಮನಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ, "ಚಳಿ ಮುಗೀತಾ ಬಂತು ಅಮ್ಮ, ಹಕ್ಕಿ ಹೊರಡ್ತಾ ಉಂಟು."