ಗುಣಿಸುವ ಮೊದಲು ಚೀಲದೊಳಗೆ ಇಣುಕಿ

ದ್ವಿತೀಯ ಪಿಯುಸಿ ಮಕ್ಕಳಿಗೆ ಸಂಭವನೀಯತೆಯ ಲೆಕ್ಕ ಕೊಟ್ಟು ನೋಡಿ. ಪ್ರಶ್ನೆ ಓದಿ ಮುಗಿಸುವ ಮೊದಲೇ ಎರಡು ಭಿನ್ನರಾಶಿ ಬರೆದು ಗುಣಿಸಿಬಿಟ್ಟಿರುತ್ತಾರೆ. ಗುಣಾಕಾರ ಸರಿಯಾಗೇ ಇರುತ್ತದೆ, ಉತ್ತರ ಮಾತ್ರ ತಪ್ಪು. ಮೊದಲನೆಯದು ಆದ ಮೇಲೆ ಎರಡನೆಯದರ ಲೆಕ್ಕ ಬದಲಾಯಿತಾ ಅಂತ ಯಾರೂ ಕೇಳಿಕೊಂಡಿರುವುದಿಲ್ಲ.

ಒಂದು ಚೀಲದಲ್ಲಿ 5 ಕೆಂಪು, 3 ನೀಲಿ ಮಣಿಗಳಿವೆ ಅಂದುಕೊಳ್ಳಿ. ನೋಡದೆ ಎರಡು ಮಣಿ ತೆಗೆಯಬೇಕು. ಎರಡೂ ಕೆಂಪಾಗುವ ಸಂಭವನೀಯತೆ ಎಷ್ಟು?

ಮೊದಲ ಹೆಜ್ಜೆ: ಮೊದಲ ಮಣಿ ಕೆಂಪಾಗುವ ಸಂಭವನೀಯತೆ 5/8. ಬರೆದಿಟ್ಟುಕೊಳ್ಳಿ.

ಎರಡನೇ ಹೆಜ್ಜೆ: ಪೆನ್ನು ಕೆಳಗಿಡಿ. ತೆಗೆದ ಮಣಿ ಈಗ ಎಲ್ಲಿದೆ? ವಾಪಸ್ ಹಾಕಿ ಕಲಸಿದ್ದರೆ ಚೀಲ ಮೊದಲಿದ್ದ ಹಾಗೇ ಇದೆ. ಎರಡನೇ ಸಲವೂ 5/8. ಇವು ಸ್ವತಂತ್ರ ಘಟನೆಗಳು. ಮಣಿ ಕೈಯಲ್ಲೇ ಇದ್ದರೆ ಚೀಲ ಬದಲಾಗಿದೆ, ಇವು ಅವಲಂಬಿತ ಘಟನೆಗಳು. ಉಳಿದದ್ದನ್ನು ಎಣಿಸಿ: ಕೆಂಪು 4, ನೀಲಿ 3, ಒಟ್ಟು 7. ಹಾಗಾಗಿ 4/7. ಪ್ರಶ್ನೆಯಲ್ಲಿ ‘ಎರಡನ್ನೂ ಒಟ್ಟಿಗೆ ತೆಗೆದರೆ’ ಅಂತಿದ್ದರೂ ವಾಪಸ್ ಹಾಕಿಲ್ಲ ಅಂತಲೇ ಲೆಕ್ಕ.

ಜಾಸ್ತಿ ಎಡವುವುದು ಇಲ್ಲೇ. ಛೇದವನ್ನು 8ರಿಂದ 7ಕ್ಕೆ ಇಳಿಸುತ್ತಾರೆ, ಅಂಶ 5 ಹಾಗೇ ಉಳಿದುಬಿಡುತ್ತದೆ. ಇನ್ನು ಕೆಲವರು ಎಲ್ಲ ಕಡೆಯೂ ಎರಡನ್ನೂ ಇಳಿಸುತ್ತಾರೆ. ಅದೂ ತಪ್ಪು. ಮೊದಲು ನೀಲಿ ಬಂದಿದ್ದರೆ ಕೆಂಪು ಇನ್ನೂ 5 ಇವೆ, ಆಗ 5/7. ಬಾಯಿಲೆಕ್ಕ ಬೇಡ. ‘ಕೆಂಪು 4, ನೀಲಿ 3’ ಅಂತ ಪಕ್ಕದಲ್ಲಿ ಬರೆದೇ ಮುಂದೆ ಹೋಗಿ.

ಬಜಾರಿನ ಕೆಲವು ಗೈಡುಗಳಲ್ಲಿ ಒಂದು ಸುಲಭ ಸೂತ್ರ ಇರುತ್ತದೆ: ‘ಮತ್ತು’ ಕಂಡರೆ ಗುಣಿಸು, ‘ಅಥವಾ’ ಕಂಡರೆ ಕೂಡಿಸು. ದಯವಿಟ್ಟು ಮರೆತುಬಿಡಿ. ಏನನ್ನು ಗುಣಿಸಬೇಕು ಅನ್ನೋದನ್ನು ಅದು ಹೇಳುವುದೇ ಇಲ್ಲ. ಬರೀ ಎರಡು ಸಂಖ್ಯೆ ಕೇಳಿ ಗುಣಿಸಿ ಕೊಡುವ ಮೊಬೈಲ್ ಆ್ಯಪ್‌ಗಳೂ ಅಷ್ಟೇ.

ಒಂದೇ ಸಲ ನಡೆದದ್ದು ಯಾವಾಗಲೂ ಅವಲಂಬಿತ ಅನ್ನುವ ನಂಬಿಕೆಯೂ ಸುಳ್ಳು. ಒಂದು ದಾಳ ಒಮ್ಮೆ ಉರುಳಿಸಿ. ಸಮಸಂಖ್ಯೆ ಬೀಳುವುದು 1/2. ಮೂರರ ಗುಣಕ ಬೀಳುವುದು 1/3. ಎರಡೂ ಸೇರಿದ್ದು 6 ಮಾತ್ರ, ಅಂದರೆ 1/6. ಗುಣಿಸಿದರೂ 1/6. ಹಾಗಾಗಿ ಸ್ವತಂತ್ರ! ಈಗ ‘ಸಮಸಂಖ್ಯೆ’ ಮತ್ತು ‘3ಕ್ಕಿಂತ ದೊಡ್ಡದು’ ತಗೊಳ್ಳಿ. ಎರಡಕ್ಕೂ ಸೇರುವುದು 4 ಮತ್ತು 6, ಅಂದರೆ 1/3. ಆದರೆ 1/2 × 1/2 ಅಂದರೆ 1/4. ತಾಳೆಯಾಗಲಿಲ್ಲ, ಅವಲಂಬಿತ. ಅನುಮಾನ ಬಂದಾಗ ಈ ತಾಳೆ ನೋಡುವುದೇ ಸರಿಯಾದ ದಾರಿ.

ಇದೆಲ್ಲ ಪರೀಕ್ಷೆಗೆ ಮಾತ್ರ ಅಂದುಕೊಳ್ಳಬೇಡಿ. ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ಅವರ ಇಬ್ಬರು ಗಂಡುಮಕ್ಕಳು ಶಿಶುಗಳಾಗಿದ್ದಾಗಲೇ ತೀರಿಕೊಂಡರು. ತಾಯಿಯ ಮೇಲೆ ಕೊಲೆ ಆರೋಪ ಬಂತು. ಅವರದರಂಥ ಮನೆಯಲ್ಲಿ ಒಂದು ಶಿಶು ಕಾರಣ ತಿಳಿಯದೆ ಸಾಯುವ ಸಂಭವನೀಯತೆ 8,543ರಲ್ಲಿ 1, ಇಬ್ಬರೂ ಹಾಗೆ ಸಾಯುವುದು ಸುಮಾರು 7.3 ಕೋಟಿಯಲ್ಲಿ 1 ಅಂತ ತಜ್ಞ ವೈದ್ಯರೊಬ್ಬರು ಕೋರ್ಟಿನಲ್ಲಿ ಹೇಳಿದರು. ಸುಮ್ನೆ ವರ್ಗ ಮಾಡಿದ ಲೆಕ್ಕ ಅದು. ಅಣ್ಣತಮ್ಮಂದಿರಿಗೆ ಅಪ್ಪ ಅಮ್ಮ ಒಬ್ಬರೇ, ಮನೆಯೂ ಒಂದೇ. ಒಂದು ಮಗುವಿಗೆ ಇದ್ದ ಅಪಾಯ ಇನ್ನೊಂದಕ್ಕೂ ಇರಬಹುದು ಅಲ್ವಾ? 1999ರಲ್ಲಿ ಸ್ಯಾಲಿ ಅವರಿಗೆ ಜೀವಾವಧಿ ಶಿಕ್ಷೆಯಾಯಿತು. 2001ರಲ್ಲಿ ಅಲ್ಲಿನ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಈ ಲೆಕ್ಕಕ್ಕೆ ಆಧಾರವೇ ಇಲ್ಲ ಅಂತ ಹೇಳಿಕೆ ಕೊಟ್ಟಿತು. 2003ರಲ್ಲಿ ಶಿಕ್ಷೆ ರದ್ದಾಯಿತು. ಅದಕ್ಕೆ ಮುಖ್ಯ ಕಾರಣ ಬೆಳಕಿಗೆ ಬಾರದೇ ಇದ್ದ ಒಂದು ವೈದ್ಯಕೀಯ ಪರೀಕ್ಷೆಯ ವರದಿ. ಆದರೆ ನ್ಯಾಯಾಧೀಶರು ಈ ಅಂಕಿಯನ್ನೂ ಬಿಡದೆ ಟೀಕಿಸಿದರು.

ಉಲ್ಟಾ ತಪ್ಪು ಚೌಕಾಬಾರ ಆಡುವಾಗ ಕಾಣುತ್ತದೆ. ‘ಇಷ್ಟು ಹೊತ್ತು ಬಾರ ಬಿದ್ದಿಲ್ಲ, ಈಗ ಬೀಳಲೇಬೇಕು’ ಅನ್ನುತ್ತಾರೆ. ಕವಡೆಗೆ ಹಿಂದಿನದು ನೆನಪಿರುವುದಿಲ್ಲ, ಪ್ರತಿ ಎಸೆತವೂ ಸ್ವತಂತ್ರ. ಹಾಗಂತ ಕವಡೆಯನ್ನು ನಾಣ್ಯದ ಹಾಗೆ ಅರ್ಧ-ಅರ್ಧ ಅಂತಲೂ ಲೆಕ್ಕ ಹಾಕಬೇಡಿ, ಅದರ ಎರಡು ಮೈ ಒಂದೇ ಥರ ಇಲ್ಲ.

ಮೂರನೇ ಹೆಜ್ಜೆ, ಗುಣಿಸುವುದು: 5/8 × 4/7 = 20/56. ವಾಪಸ್ ಹಾಕಿದ್ದರೆ 25/64.

20/56 ಅನ್ನು ಈಗಲೇ 5/14 ಮಾಡಬೇಡಿ. ಸಂಕ್ಷೇಪಿಸುವುದು ಕೊನೆಗೆ, ಇದರಲ್ಲಿ ರಾಜಿ ಇಲ್ಲ. ಯಾಕೆಂದರೆ ನಾಲ್ಕನೇ ಹೆಜ್ಜೆಯಲ್ಲಿ ಬೇರೆ ದಾರಿಗಳನ್ನೂ ಲೆಕ್ಕ ಹಾಕಿ ಕೂಡಿಸಿ ನೋಡಬೇಕು. ಕೆಂಪು-ಕೆಂಪು 20, ಕೆಂಪು-ನೀಲಿ 15, ನೀಲಿ-ಕೆಂಪು 15, ನೀಲಿ-ನೀಲಿ 6. ಒಟ್ಟು 56. ತಾಳೆಯಾಯಿತು. ‘ಒಂದು ಕೆಂಪು, ಒಂದು ನೀಲಿ’ ಅಂತ ಕೇಳಿದರೆ ಎರಡೂ ದಾರಿ ಸೇರಿಸಿ 30/56 ಬರೆಯಿರಿ. ಬರೀ 15/56 ಬರೆದು ಅಂಕ ಕಳೆದುಕೊಳ್ಳುವವರೇ ಜಾಸ್ತಿ. ‘ಕನಿಷ್ಠ ಒಂದು ಕೆಂಪು’ ಅಂದರೆ ಮೂರು ದಾರಿ ಕೂಡಿಸುತ್ತಾ ಕೂರಬೇಡಿ: 1 − 6/56 = 50/56.

ಇನ್ನು ಇಸ್ಪೀಟಿನ 52 ಎಲೆ ಕಲಸಿ, ಎರಡು ಎಕ್ಕ ಬರುವ ಲೆಕ್ಕ ಮಾಡಿ ನೋಡಿ. ಮೊದಲ ಎಲೆ ವಾಪಸ್ ಇಟ್ಟು ಕಲಸಿದರೆ 1/169, ಕೈಯಲ್ಲೇ ಇಟ್ಟುಕೊಂಡರೆ 1/221 ಬರಬೇಕು.