136ರಲ್ಲಿ ಬಾರಿಸಿ 172ರಲ್ಲಿ ಕೇಳಿದ್ದು: ನನ್ನ ಮೊದಲ ಡ್ರಮ್ ಅಂಡ್ ಬೇಸ್ ತಟ್ಟೆಯ ಲೆಕ್ಕ

ನಾನು ಮಾಡಿಸಿದ ಮುನ್ನೂರು ವಿನೈಲ್ ತಟ್ಟೆಗಳಲ್ಲಿ ಈಗ ನನ್ನ ಬಳಿ ಉಳಿದಿರುವುದು ಹತ್ತು. ಬ್ರಿಸ್ಟಲ್‌ನ ನಮ್ಮ ಬಾಡಿಗೆ ಮನೆಯಲ್ಲಿ ಅಕ್ಕಿ ಡಬ್ಬದ ಪಕ್ಕದ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿಟ್ಟಿದ್ದೇನೆ. ಇಡೀ ಮನೆಯಲ್ಲಿ ತೇವ ಹತ್ತದ ಜಾಗ ಅದೊಂದೇ. ಅವನ್ನು ಮಾರುವುದಿಲ್ಲ, ಕೇಳಬೇಡಿ.

ಡ್ರಮ್ ಅಂಡ್ ಬೇಸ್ ಎಂದರೆ ನಿಮಿಷಕ್ಕೆ 170ರ ಆಸುಪಾಸಿನ ಬಡಿತದ ನೃತ್ಯ ಸಂಗೀತ (ಶೀರ್ಷಿಕೆಯ 136, 172 ಇಂಥ ಬಡಿತದ ಲೆಕ್ಕಗಳೇ). ಅದರ ಜೀವ ಬ್ರೇಕ್, ಅಂದರೆ ಡ್ರಮ್ ಒಂದೇ ಕೇಳುವ ತುಣುಕು. ಹಳೆಯ ರೆಕಾರ್ಡಿನ ಬ್ರೇಕ್ ಎತ್ತಿಕೊಳ್ಳುವ ಬದಲು ಸ್ವಂತ ಬ್ರೇಕ್ ರೆಕಾರ್ಡ್ ಮಾಡಿ ತಟ್ಟೆ ತರಲು ಹೊರಟಿದ್ದೆ. ಇದು ಆಗುವ ಕೆಲಸವಲ್ಲ ಎಂದವರು ಕಡಿಮೆಯೇನಲ್ಲ. ಡ್ರಮ್ ಅಂಡ್ ಬೇಸ್‌ನ ಮೂಲವಾದ ಜಂಗಲ್ ಅನ್ನು ಇಪ್ಪತ್ತೈದು ವರ್ಷದಿಂದ ನುಡಿಸುತ್ತಿರುವ ಇಲ್ಲಿನ ಡಿಜೆ ಗೆಳೆಯರೊಬ್ಬರು "ಅಮೆನ್ ಇರುವಾಗ ಹೊಸ ಬ್ರೇಕ್ ಯಾರಿಗೆ ಬೇಕು?" ಎಂದರು. ಮೊದಲು ಒಪ್ಪಿಕೊಂಡ ಡ್ರಮ್ಮರ್ ಒಂದೇ ದಿನಕ್ಕೆ ಕೈ ಎತ್ತಿದ. ಮೈಸೂರಿನಿಂದ ಬಂದಿದ್ದ ಭಾವ ನನ್ನ ಕರಡು ಕೇಳಿ, "ಮದುವೆ ಮನೆಯ ಬ್ಯಾಂಡಿನವರಿಗೆ ಊಟದ ಹೊತ್ತಾದರೆ ಹೀಗೇ ಬಾರಿಸುತ್ತಾರೆ" ಎಂದು ನಕ್ಕರು. ಸಿಟ್ಟು ಬಂದರೂ ಅವರ ಮಾತಿನಲ್ಲಿ ಸತ್ಯವಿತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಅಮೆನ್ ಮೇಲೆ ನನಗೇನೂ ದ್ವೇಷವಿಲ್ಲ. 1969ರಲ್ಲಿ ದಿ ವಿನ್‌ಸ್ಟನ್ಸ್ ತಂಡದ ಗ್ರೆಗರಿ ಕೋಲ್ಮನ್ 'ಅಮೆನ್, ಬ್ರದರ್' ಹಾಡಿನಲ್ಲಿ ಬಾರಿಸಿದ ಆ ನಾಲ್ಕು ಬಾರ್ (ತಾಳದ ಸುತ್ತು), ಸುಮಾರು ಏಳು ಸೆಕೆಂಡು, ನಮ್ಮೆಲ್ಲರ ಅನ್ನ. ಅದರಿಂದ ಕೋಲ್ಮನ್‌ಗೆ ಬಿಡಿಗಾಸೂ ಸಿಗಲಿಲ್ಲ. 2006ರಲ್ಲಿ ತೀರಿಕೊಂಡಾಗ ಆತನಿಗೆ ಸ್ವಂತ ಸೂರೂ ಇರಲಿಲ್ಲ. 2015ರಲ್ಲಿ ಜನರೇ ಚಂದಾ ಎತ್ತಿ ತಂಡದ ನಾಯಕ ರಿಚರ್ಡ್ ಸ್ಪೆನ್ಸರ್‌ಗೆ ಸುಮಾರು 24,000 ಪೌಂಡ್ ಕೊಟ್ಟರು. ಈ ಕಥೆ ತಿಳಿದ ಮೇಲೆ ಅಮೆನ್ ಎಳೆದುಕೊಳ್ಳುವಾಗ ಕೈ ಸ್ವಲ್ಪ ತಡೆಯುತ್ತದೆ ಎಂದರೆ ಸುಳ್ಳಲ್ಲ. ಆದರೆ ನಿಜವಾದ ಕಾರಣ ಬೇರೆ. ನಿಯಾ ಆರ್ಕೈವ್ಸ್ ಅದನ್ನು ಹಾಡಿನ ಕೆಳಗೆ ಹಾಸಿ 2024ರ ಮರ್ಕ್ಯುರಿ ಪ್ರಶಸ್ತಿಯ ಪಟ್ಟಿಯವರೆಗೆ ಹೋದರು. ಟಿಮ್ ರೀಪರ್ ಮತ್ತು ಕ್ಲೋಕ್ ಅದೇ ವರ್ಷ ಹೈಪರ್‌ಡಬ್ ಲೇಬಲ್‌ಗೆ ಇಡೀ ಜಂಗಲ್ ಆಲ್ಬಮ್ ಮಾಡಿದರು. ನೆದರ್‌ಲ್ಯಾಂಡ್ಸ್‌ನ ಕೋಕೋ ಬ್ರೈಸ್ ಬ್ರೇಕ್ ಕುಯ್ಯುವ ರೀತಿ ಕೇಳಿದರೆ ನನಗೆ ಕಂಪ್ಯೂಟರ್ ಮುಚ್ಚಿ ಮಲಗಬೇಕು ಎನಿಸುತ್ತದೆ. ಅದೇ ಅಕ್ಕಿಯಲ್ಲಿ ಇವರಿಗಿಂತ ಒಳ್ಳೆಯ ಅನ್ನ ಮಾಡುತ್ತೇನೆ ಎಂಬ ಭ್ರಮೆ ನನಗಿಲ್ಲ. ಅಕ್ಕಿಯನ್ನೇ ಬದಲಿಸಬೇಕಿತ್ತು.

ಶುಕ್ರವಾರ ಬಂದರೆ ಬಸ್ಸಿನಲ್ಲಿ ಕೂತು ಹೊಸ ಬಿಡುಗಡೆಗಳನ್ನೆಲ್ಲ ಕೇಳುವುದು ನನ್ನ ಅಭ್ಯಾಸ. ಮೂವತ್ತು ನಲವತ್ತು ಟ್ಯೂನ್‌ಗಳಲ್ಲಿ ಅರ್ಧದ ಸ್ನೇರ್ (ಚಿರ್ ಎನ್ನುವ ಡ್ರಮ್) ನನಗೆ ಮುಖಪರಿಚಯ. ಎಲ್ಲರೂ ಅದೇ ಎರಡು ಮೂರು ಸ್ಯಾಂಪಲ್ ಪ್ಯಾಕ್ (ಸಿದ್ಧ ಸದ್ದುಗಳ ಕಟ್ಟು) ಕೊಂಡಿರುತ್ತಾರೆ, ನಾನೂ ಕೊಂಡಿದ್ದೇನೆ. 2019ಕ್ಕೆ ಮೊದಲು ಆ ಪ್ಯಾಕ್‌ಗಳಿಂದಲೇ ನಾಲ್ಕು ಟ್ಯೂನ್ ಮಾಡಿ ಡಿಜಿಟಲ್ ಆಗಿ ಬಿಟ್ಟಿದ್ದೆ. ವಿತರಣೆಗೆ ವರ್ಷಕ್ಕೆ ಇಪ್ಪತ್ತು ಪೌಂಡ್ ಕಟ್ಟಿದೆ. ಮೂರು ವರ್ಷದಲ್ಲಿ ಬಂದದ್ದು ಹನ್ನೊಂದು ಪೌಂಡ್ ಚಿಲ್ಲರೆ.

ಸ್ವಂತ ಬ್ರೇಕ್ ರೆಕಾರ್ಡ್ ಮಾಡಲು ಹೊರಟಾಗ ನಾನು ಮಾಡಿದ ಮೊದಲ ತಪ್ಪು ಎಲ್ಲರೂ ಮಾಡುವುದೇ. ಟ್ಯೂನ್ 172 ಇದೆ, ಆದ್ದರಿಂದ ಡ್ರಮ್ಮರ್‌ಗೂ 172ರ ಕ್ಲಿಕ್, ಅಂದರೆ ಲಯ ಹಿಡಿಯಲು ಕಿವಿಗೆ ಟಿಕ್ ಟಿಕ್ ಸದ್ದು, ಕೊಟ್ಟೆ. ಹುಡುಗ ಒಳ್ಳೆಯವನೇ, ಮೆಟಲ್ ಬ್ಯಾಂಡಿನವನು, ಕೈಯೂ ಚುರುಕು. ಆದರೆ ಆ ವೇಗದಲ್ಲಿ ಘೋಸ್ಟ್ ನೋಟ್‌ಗೆ, ಅಂದರೆ ನಡುನಡುವಿನ ಮೆಲು ಏಟಿಗೆ, ಸಮಯವೆಲ್ಲಿ? ಎಲ್ಲ ಏಟೂ ಒಂದೇ ತೂಕದಲ್ಲಿ ಬಿದ್ದವು. ಭಾವ ಕೇಳಿ ನಕ್ಕಿದ್ದು ಇದನ್ನೇ. ಸ್ಟುಡಿಯೋ ಬಾಡಿಗೆ, ಹುಡುಗನ ಸಂಭಾವನೆ ಸೇರಿ ಒಂದು ಮಧ್ಯಾಹ್ನಕ್ಕೆ 260 ಪೌಂಡಿನ ಹತ್ತಿರ ಹೋಯಿತು.

ನಾಚಿಕೆಯ ವಿಷಯವೆಂದರೆ ಇದು ನನಗೆ ಮೊದಲೇ ಗೊತ್ತಿರಬೇಕಿತ್ತು. ಮೈಸೂರಿನಲ್ಲಿ ಐದು ವರ್ಷ ಮೃದಂಗ ಕಲಿತವನು ನಾನು. ಮೊದಲನೆಯ ಕಾಲ ಕೂರದೆ ಮೂರನೆಯ ಕಾಲಕ್ಕೆ ಕೈ ಹಾಕಿದರೆ ನಮ್ಮ ಮೇಷ್ಟರು ತಾಳದ ಕೈಯಿಂದಲೇ ತಲೆಯ ಮೇಲೆ ಮೊಟಕುತ್ತಿದ್ದರು. ಅಮೆನ್‌ನ ಮೂಲ ಗತಿ 136ರ ಆಸುಪಾಸು. ಆ ಗತಿಯಲ್ಲಿ ಡ್ರಮ್ಮರ್ ಉಸಿರಾಡುತ್ತಾನೆ, ಸ್ನೇರ್‌ನ ನಡುವೆ ಬೆರಳಿನಷ್ಟು ಮೆಲುವಾದ ಏಟುಗಳು ಸೇರುತ್ತವೆ. ಅದನ್ನೇ ಎಳೆದು ಏರಿಸಿದಾಗ ಆ ಸಣ್ಣ ಏಟುಗಳೆಲ್ಲ ಒತ್ತೊತ್ತಾಗಿ ಬಂದು ಕುಣಿಸುತ್ತವೆ. ವೇಗ ಡ್ರಮ್ಮರ್‌ನ ಕೆಲಸವಲ್ಲ, ಸದ್ದು ಹಿಡಿದು ನುಡಿಸುವ ಯಂತ್ರವಾದ ಸ್ಯಾಂಪ್ಲರ್‌ನ ಕೆಲಸ. ಇಷ್ಟನ್ನು ತಿಳಿಯಲು 260 ಪೌಂಡ್ ತೆತ್ತೆ.

ಎರಡನೆಯ ಡ್ರಮ್ಮರ್ ಅರವತ್ತರ ಹತ್ತಿರದವರು, ಪಬ್‌ಗಳಲ್ಲಿ ಹಳೆಯ ಸೋಲ್ ಹಾಡುಗಳಿಗೆ ಬಾರಿಸುವವರು. ಡ್ರಮ್ ಅಂಡ್ ಬೇಸ್ ಅವರಿಗೆ ಕಿರಿಕಿರಿ. ಅದೇ ನನಗೆ ಬೇಕಾಗಿತ್ತು. ಟ್ಯೂನ್ ಕೇಳಿಸಲೇ ಇಲ್ಲ. 120 ಪೌಂಡ್ ಕೊಟ್ಟು, ಗಂಟೆಗೆ ಹನ್ನೆರಡರಂತೆ ಒಂದು ಚರ್ಚಿನ ಹಾಲ್ ಹಿಡಿದು, 136ರಲ್ಲಿ ಅವರ ಮನಸ್ಸಿಗೆ ಬಂದಂತೆ ಬಾರಿಸಿ ಎಂದೆ. ಕ್ಲಿಕ್ ಹಾಕಿದರೆ ಕೈ ಬಿಗಿಯುತ್ತಿತ್ತು, ತೆಗೆದರೆ 142ಕ್ಕೆ ಓಡುತ್ತಿತ್ತು. ಕೊನೆಗೆ ಎರಡು ಬಾರ್ ಕ್ಲಿಕ್ ಕೇಳಿಸಿ ನಿಲ್ಲಿಸಿದೆ, ಎಂಟು ಬಾರ್ ಬಿಟ್ಟು ಮತ್ತೆ ಕೇಳಿಸಿದೆ. ಆ ನಡುವಿನ ಎಂಟು ಬಾರ್‌ಗಳಲ್ಲೇ ಚಿನ್ನ ಸಿಕ್ಕಿತು.

ಮೈಕ್ ವಿಷಯದಲ್ಲಿ ಮೊದಲ ದಿನ ದುರಾಸೆಗೆ ಬಿದ್ದು ಎಂಟು ಇಟ್ಟಿದ್ದೆ. ಎಲ್ಲವನ್ನೂ ಒಂದೇ ಚಾನೆಲ್‌ಗೆ ಸೇರಿಸಿ ಮೋನೋ ಮಾಡಿದಾಗ ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಅರ್ಧ ಮಾಯ. ಮೈಕ್‌ಗಳ ಅಲೆಗಳು ಒಂದನ್ನೊಂದು ಅಳಿಸದಂತೆ ಫೇಸ್ ಸರಿಪಡಿಸುತ್ತಾ ಒಂದು ವಾರ ಹಾಳು. ಮುಂದಿನ ದಿನ ಎರಡೇ ಮೈಕ್: ಒಂದು ಡ್ರಮ್ಮರ್‌ನ ಬಲ ಭುಜದ ಮೇಲೆ, ಇನ್ನೊಂದು ಹಾಲ್‌ನ ಒಂದು ಕಡೆ. ಆ ಕಡೆ ಯಾವುದು ಎಂದು ಹೇಳುವುದಿಲ್ಲ. ಬಾಗಿಲು ತೆರೆದಿತ್ತು ಎಂದಷ್ಟೇ ಹೇಳುತ್ತೇನೆ. ಸ್ನೇರ್‌ನ ಶ್ರುತಿಯನ್ನೂ ಮಾಮೂಲಿಗಿಂತ ಇಳಿಸಿದ್ದೆ. 136ರಿಂದ 172ಕ್ಕೆ ಏರಿಸಿದರೆ ಶ್ರುತಿ ನಾಲ್ಕು ಸೆಮಿಟೋನ್ (ಅರ್ಧ ಸ್ವರ) ಮೇಲೇರುತ್ತದೆ, ಬಿಗಿ ಸ್ನೇರ್ ಆದರೆ ತಗಡಾಗುತ್ತದೆ. ಪೂರ್ತಿ ನಾಲ್ಕು ಇಳಿಸಬೇಡಿ. ನಾನು ಎರಡು, ಎರಡೂವರೆಗೆ ನಿಲ್ಲಿಸಿದೆ. ಸ್ವಲ್ಪ ಚಿರ್ ಎನ್ನಬೇಕು, ಇಲ್ಲದಿದ್ದರೆ ಅದು ಜಂಗಲ್ ಅನಿಸುವುದೇ ಇಲ್ಲ.

ನಡುವೆ ಒಂದು ದಾರಿ ತಪ್ಪಿದ ಕಥೆ. ಆ ವರ್ಷದ ರಜೆಯಲ್ಲಿ ಊರಿಗೆ ಹೋದಾಗ ಮಂಡ್ಯದ ಕಡೆಯ ಹಬ್ಬವೊಂದರಲ್ಲಿ ತಮಟೆ ರೆಕಾರ್ಡ್ ಮಾಡಿಕೊಂಡೆ. ಹುಲ್ಲಿನ ಬೆಂಕಿಯಲ್ಲಿ ಕಾಯಿಸಿದ ತಮಟೆಯ ಮೊದಲ ಹತ್ತು ನಿಮಿಷದ ನಾದ ಕೇಳಿದವರಿಗೆ ಗೊತ್ತು, ಎದೆ ನಡುಗುತ್ತದೆ. ಇದನ್ನು 172ಕ್ಕೆ ಹಾಕಿದರೆ ಬ್ರಿಸ್ಟಲ್ ಬೆಚ್ಚಿ ಬೀಳುತ್ತದೆ ಎಂದುಕೊಂಡಿದ್ದೆ. ಮೂರು ತಿಂಗಳು ಒದ್ದಾಡಿದೆ. ಏರಿಸಿದ ಕೂಡಲೇ ಬಕೆಟ್ ಬಡಿದಂತಾಯಿತು. ಕಾರಣ ಸರಳ: ತಮಟೆಯವರು ಮೊದಲೇ ವೇಗವಾಗಿ ಬಾರಿಸುತ್ತಿದ್ದರು, ಅದನ್ನು ಇನ್ನೂ ಏರಿಸಲು ಜಾಗವಿರಲಿಲ್ಲ. ಇಳಿಸಿದರೆ ಚೆನ್ನಾಗಿತ್ತು, 172ರ ಅರ್ಧವಾದ 86ರಲ್ಲಿ ಹಾಫ್‌ಟೈಮ್ ತರಹ ತೂಗುತ್ತಿತ್ತು. ಆದರೆ ನನ್ನ ಟ್ಯೂನ್‌ಗೆ ಅದು ಹೊಂದಲಿಲ್ಲ. ನಮ್ಮ ವಾದ್ಯವೆಂಬ ಅಭಿಮಾನಕ್ಕೆ ತುರುಕಿದರೆ ಎರಡಕ್ಕೂ ಅವಮಾನ. 1990ರ ದಶಕದಲ್ಲಿ ಲಂಡನ್ನಿನ ಹಾಕ್ಸ್‌ಟನ್ ಚೌಕದ ಬ್ಲೂ ನೋಟ್ ಕ್ಲಬ್‌ನಲ್ಲಿ ಭಾನುವಾರ ಡ್ರಮ್ ಅಂಡ್ ಬೇಸ್‌ನ ಮೆಟಲ್‌ಹೆಡ್ಜ್, ಸೋಮವಾರ ತಬಲಾ ವಾದಕ ತಲ್ವಿನ್ ಸಿಂಗ್ ಅವರ ಅನೋಖಾ ಸಂಗೀತ ರಾತ್ರಿ ನಡೆಯುತ್ತಿತ್ತು. ತಬಲಾ ಅಲ್ಲಿ ಕೂತಿತು, ಏಕೆಂದರೆ ನುಡಿಸಿದವರು ಎರಡೂ ಮನೆಯನ್ನು ಬಲ್ಲವರು. ನಾನು ಹಬ್ಬದ ಸದ್ದನ್ನು ಮೊಬೈಲಿನಷ್ಟೇ ಗಾತ್ರದ ರೆಕಾರ್ಡರಿನಲ್ಲಿ ಕದ್ದು ತಂದವನು. ಕೊನೆಗೆ ಒಂದೇ ಒಂದು ತಮಟೆ ಏಟು ಉಳಿಯಿತು. ಅದು ಸ್ನೇರ್‌ನ ಕೆಳಗೆ ಎಲ್ಲೋ ಇದೆ, ಹುಡುಕಿಕೊಳ್ಳಿ.

ಮೃದಂಗದಿಂದ ಮಾತ್ರ ಒಂದು ಲಾಭವಾಯಿತು. ಎಡಗಡೆಯ ತೊಪ್ಪಿಯ ಮೇಲೆ ಅಂಗೈ ಜಾರಿಸಿ ತೆಗೆಯುವ ಗುಮಿಕಿ ಇದೆಯಲ್ಲ, ಟ್ಯೂನ್‌ನ ಅತಿ ತಗ್ಗಿನ ನಾದವಾದ ಸಬ್ ಬೇಸ್ ಅನ್ನು ಹಾಗೆಯೇ ಜಾರಿಸಿದೆ. ವಾದ್ಯದ ಸದ್ದು ಬಳಸಲಿಲ್ಲ, ಜಾರಿಕೆಯ ಅಳತೆಯನ್ನಷ್ಟೇ ತೆಗೆದುಕೊಂಡೆ. ಸೈನ್ ಅಲೆ, ಪಿಚ್ ಬೆಂಡ್, ಮುಗಿಯಿತು.

ಈಗ ಎಲ್ಲರೂ ಅನುಮಾನಿಸಿದ ಭಾಗ. ಬ್ರೇಕ್ ಸಿಕ್ಕಿತು, ಆದರೆ ಕಂಪ್ಯೂಟರಿನಲ್ಲೇ ಏರಿಸಿದಾಗ ಸ್ವಚ್ಛವಾಗಿ, ಸತ್ತಂತೆ ಕೇಳುತ್ತಿತ್ತು. ಪ್ಲಗಿನ್‌ಗಳಲ್ಲಿ ಧೂಳು ಹಚ್ಚಿ ನೋಡಿದೆ, ಮುಖಕ್ಕೆ ಪೌಡರ್ ಬಳಿದಂತೆ ಕಾಣುತ್ತಿತ್ತು. ಆಗ ಹೊಳೆದದ್ದು: ಬ್ರೇಕ್ ಅನ್ನೇ ಡಬ್‌ಪ್ಲೇಟ್, ಅಂದರೆ ಲ್ಯಾಕರ್ ಲೇಪದ ತಟ್ಟೆಯಲ್ಲಿ ಕತ್ತರಿಸಿದ ಒಂಟಿ ಪ್ರತಿ, ಮಾಡಿಸುವುದು. ಟ್ಯೂನ್ ಅಲ್ಲ, ಬರೀ ಬ್ರೇಕ್. ಲ್ಯಾಕರ್ ಕತ್ತರಿಸುವವರು ಎರಡು ಸಲ ಕೇಳಿದರು, "ಇದರಲ್ಲಿ ಡ್ರಮ್ ಬಿಟ್ಟು ಏನೂ ಇಲ್ಲ, ತಪ್ಪು ಫೈಲ್ ಕಳಿಸಿದ್ದೀರಾ?" ನಿಮಿಷಕ್ಕೆ 33 ಸುತ್ತಿನಲ್ಲಿ ಕತ್ತರಿಸಿದ್ದನ್ನು 45 ಸುತ್ತಿನಲ್ಲಿ ಓಡಿಸಿದರೆ 136 ಹೋಗಿ ಸುಮಾರು 183 ಆಗುತ್ತದೆ. ಟೆಕ್ನಿಕ್ಸ್ ಟರ್ನ್‌ಟೇಬಲ್‌ನ ಪಿಚ್ ಅನ್ನು ಮೈನಸ್ ಶೇಕಡಾ ಆರರ ಹತ್ತಿರ ತಂದರೆ 172 ಚಿಲ್ಲರೆ. ಅದನ್ನು ನೇರವಾಗಿ ಹಳೆಯ ಸ್ಯಾಂಪ್ಲರ್ ಅಕಾಯ್ ಎಸ್950ಗೆ. ಹನ್ನೆರಡು ಬಿಟ್, ಪೂರ್ತಿ ಬ್ಯಾಂಡ್‌ವಿಡ್ತ್‌ನಲ್ಲಿ ಹತ್ತು ಸೆಕೆಂಡಿನ ಆಸುಪಾಸಿನ ಮೆಮೊರಿ. ಹಳೆಯವರು ಮೆಮೊರಿ ಉಳಿಸಲು 33ರ ರೆಕಾರ್ಡನ್ನು 45ರಲ್ಲಿ ಓಡಿಸಿ ಹಿಡಿದು ಮತ್ತೆ ಇಳಿಸುತ್ತಿದ್ದರು. ನಾನು ಇಳಿಸಲಿಲ್ಲ, ಅಷ್ಟೇ ವ್ಯತ್ಯಾಸ.

ಎಸ್950ಗೆ 400 ಪೌಂಡ್ ಬಿತ್ತು. ಫ್ಲಾಪಿ ಡ್ರೈವ್ ಸತ್ತಿತ್ತು, ಅದರ ಬದಲಿಗೆ ಯುಎಸ್‌ಬಿ ಓದುವ ಗೋಟೆಕ್ ಹಾಕಲು ಇನ್ನೊಂದು ಇಪ್ಪತ್ತೈದು. ಡಬ್‌ಪ್ಲೇಟ್ ಒಂದಕ್ಕೆ ಐವತ್ತರಂತೆ ನಾಲ್ಕು. ಲ್ಯಾಕರ್ ಮೆದು, ಪ್ರತಿ ಸಲ ಓಡಿಸಿದಾಗಲೂ ಸವೆಯುತ್ತದೆ. ನನಗೆ ಇಷ್ಟವಾದದ್ದು ಹೊಸದರಲ್ಲಿ ಹಿಡಿದ ಸದ್ದಲ್ಲ, ಹಲವು ಸಲ ಓಡಿಸಿದ ಮೇಲೆ ಹಿಡಿದದ್ದು. ಎಷ್ಟು ಸಲ ಎಂದು ಕೇಳಿದವರಿಗೆ ನಾನು ಇದುವರೆಗೆ ಬೇರೆ ಬೇರೆ ಸಂಖ್ಯೆ ಹೇಳಿದ್ದೇನೆ.

ಟ್ಯೂನ್ ಮುಗಿದ ಮೇಲೆ ಯಾವ ಜಾಲತಾಣಕ್ಕೂ ಹಾಕಲಿಲ್ಲ. ಮತ್ತೆರಡು ಪ್ಲೇಟ್ ಮಾಡಿಸಿ ಇಬ್ಬರು ಡಿಜೆಗಳಿಗೆ ಕೊಟ್ಟೆ. ಅವರಲ್ಲೊಬ್ಬರು ಅಮೆನ್ ಸಾಕು ಎಂದ ಅದೇ ಗೆಳೆಯರು. ಎರಡು ವಾರದ ಬಳಿಕ ರಾತ್ರಿ ಎರಡು ಗಂಟೆಗೆ ಅವರಿಂದ ಸಂದೇಶ: "ಇದು ಯಾವ ಹಳೆಯ ಫಂಕ್ ರೆಕಾರ್ಡಿನ ಬ್ರೇಕ್? ನನ್ನ ಬಳಿ ಇಲ್ಲವಲ್ಲ." ಮೂವತ್ತು ವರ್ಷ ಹಳೆಯ ರೆಕಾರ್ಡಿನ ಕ್ರೇಟ್ ಕೆದಕಿದ ಮನುಷ್ಯ. ಆ ಸಂದೇಶದ ಚಿತ್ರ ತೆಗೆದು ಭಾವನಿಗೆ ಕಳಿಸಿದೆ. ಅವರಿಗೆ ಅರ್ಥವಾಗಲಿಲ್ಲ, ಹೆಬ್ಬೆರಳು ತೋರಿಸಿದರು.

ಪ್ರೆಸ್ ಮಾಡಿಸುವುದು ಬೇರೆಯೇ ಗೋಳು. 2020ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಅಪೋಲೋ ಮಾಸ್ಟರ್ಸ್ ಕಾರ್ಖಾನೆ ಸುಟ್ಟ ಮೇಲೆ ಲ್ಯಾಕರ್‌ಗೆ ಎಲ್ಲರೂ ಜಪಾನಿನ ಕಡೆ ನೋಡಬೇಕಾಯಿತು. ಜೊತೆಗೆ ಕೋವಿಡ್, ದೊಡ್ಡ ಕಂಪನಿಗಳ ಸಾಲು. ನನಗೆ ಹನ್ನೆರಡು ವಾರ ಎಂದವರು ಎಂಟು ತಿಂಗಳು ಕಾಯಿಸಿದರು. ಪರೀಕ್ಷೆಗೆಂದು ಬಂದ ಮೊದಲ ಟೆಸ್ಟ್ ಪ್ರೆಸ್‌ನಲ್ಲಿ ಡ್ರಾಪ್, ಅಂದರೆ ಬೇಸ್ ಒಮ್ಮೆಲೇ ಬೀಳುವ ಜಾಗ, ಬರುತ್ತಿದ್ದಂತೆ ಸೂಜಿ ಹಾರಿತು. ತಪ್ಪು ನನ್ನದೇ: ರೀಸ್ ಎಂಬ ಗುಂಯ್‌ಗುಡುವ ಬೇಸ್‌ನ ಕೆಳಭಾಗ ಸ್ಟೀರಿಯೋದಲ್ಲಿತ್ತು. 150 ಹರ್ಟ್ಸ್ ಕೆಳಗಿನದನ್ನೆಲ್ಲ ಮೋನೋ ಮಾಡಿ, ಹೈಹ್ಯಾಟ್ ತಗ್ಗಿಸಿ ಮತ್ತೆ ಕಳಿಸಿದೆ. ಎರಡನೆಯ ಕಟ್‌ಗೆ ಮತ್ತೆ ಹಣ.

ಲೆಕ್ಕ ಹೀಗೆ, ನೆನಪಿನಿಂದ. ಮುನ್ನೂರು ತಟ್ಟೆ, ಬಿಳಿ ಲೇಬಲ್, ಖಾಲಿ ಕವರ್, ಎರಡು ಕಟ್ ಸೇರಿ 1,600. ಪ್ಲೇಟ್‌ಗಳು, ಎರಡನೆಯ ಡ್ರಮ್ಮರ್, ಹಾಲ್, ರಟ್ಟಿನ ಪೊಟ್ಟಣ, ರಬ್ಬರ್ ಮುದ್ರೆ ಸೇರಿ ಇನ್ನೊಂದು 500. ನಲವತ್ತು ತಟ್ಟೆ ಹಂಚಿದೆ. ಬ್ಯಾಂಡ್‌ಕ್ಯಾಂಪ್ ಜಾಲತಾಣದಲ್ಲಿ ಹದಿಮೂರು ಪೌಂಡಿಗೆ ನೂರೆಂಬತ್ತು ಹೋದವು. ಅವರ ಹತ್ತು ಶೇಕಡಾ, ಪಾವತಿ ಶುಲ್ಕ ಕಳೆದು ಎರಡು ಸಾವಿರದ ಹತ್ತಿರ. ಎಪ್ಪತ್ತು ಅಂಗಡಿಗಳಿಗೆ ಆರೂವರೆಯಂತೆ, 450. ಅಂದರೆ ಲಾಭ 350 ಪೌಂಡ್. ಎಸ್950 ಮತ್ತು ಮೆಟಲ್ ಹುಡುಗನ ಮಧ್ಯಾಹ್ನವನ್ನು ಇದರಲ್ಲಿ ಸೇರಿಸಿಲ್ಲ, ಸೇರಿಸಿದರೆ ಹೆಂಡತಿ ಓದುತ್ತಾಳೆ. ಅಂಚೆ ವೆಚ್ಚ ಕೊಂಡವರದು. ಬ್ರೆಕ್ಸಿಟ್ ಆದ ಮೇಲೆ ಜರ್ಮನಿಗೆ ಕಳಿಸುವ ಒಂದೊಂದು ಪೊಟ್ಟಣಕ್ಕೂ ಕಸ್ಟಮ್ಸ್ ಕಾಗದ ತುಂಬಿಸುತ್ತಾ ಎಷ್ಟೋ ರಾತ್ರಿ ಅಡುಗೆ ಮನೆಯಲ್ಲೇ ಕಳೆದಿದ್ದೇನೆ. ಮೂರು ತಟ್ಟೆ ಬಾಗಿ ತಲುಪಿದವು, ಹೊಸದು ಕಳಿಸಿದೆ. ಅವು ಹಂಚಿದ ನಲವತ್ತರ ಲೆಕ್ಕದಲ್ಲಿವೆ.

ಡಿಜಿಟಲ್ ಬಿಟ್ಟದ್ದು ತಟ್ಟೆ ಖಾಲಿಯಾದ ಆರು ತಿಂಗಳ ಬಳಿಕ. ಹಿಂದಿನ ನಾಲ್ಕು ಟ್ಯೂನ್‌ಗಳು ಮೂರು ವರ್ಷದಲ್ಲಿ ಗಳಿಸಿದ್ದನ್ನು ಇದು ಮೊದಲ ಸಂಜೆಯೇ ಗಳಿಸಿತು.

ಮೊನ್ನೆ ಅರವತ್ತರ ಆ ಡ್ರಮ್ಮರ್‌ಗೆ ಒಂದು ತಟ್ಟೆ ಕೊಡಲು ಹೋಗಿದ್ದೆ. ಮುಂದಿನ ತಟ್ಟೆಯ ಲಾಭದಲ್ಲಿ ಕಾಲು ಪಾಲು ಅವರಿಗೆಂದು ಕಾಗದದಲ್ಲಿ ಬರೆದುಕೊಟ್ಟೆ. ಕೋಲ್ಮನ್‌ನ ಕಥೆ ಗೊತ್ತಿದ್ದೂ ಬರೆದುಕೊಡದಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ತಟ್ಟೆಯನ್ನು ತಮ್ಮ ಹಳೆಯ ಪ್ಲೇಯರಿನಲ್ಲಿ ಹಾಕಿ ಪೂರ್ತಿ ಕೇಳಿದರು. ಮುಗಿದ ಮೇಲೆ ತಿರುಗುವ ತಟ್ಟೆಯ ಕಡೆ ಬಾಗಿ, ತಪ್ಪು ವೇಗದಲ್ಲಿ ಇಟ್ಟಿದ್ದೇನೆಯೇ ಎಂದು ಕೇಳಿ ತಾವೇ 33ಕ್ಕೆ ಇಳಿಸಿದರು. ಈ ಸಲ ತಲೆದೂಗಿದರು.