ಫ್ಲಾಂಡರ್ಸ್‌ನ ಕೆರ್ಮಿಸ್ ರೇಸುಗಳಲ್ಲಿ ಒಂದು ಬೇಸಿಗೆ: ನನ್ನ ಅನುಭವ

ಸೈಕಲ್ಲಿನ ಹೊಸ ಕಾರ್ಬನ್ ಫ್ರೇಮಿಗೆಂದು ಕೂಡಿಟ್ಟಿದ್ದ ಹಣವನ್ನು ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ ಒಂದು ಕುಟುಂಬದ ಜೊತೆಗಿದ್ದು ಕೆರ್ಮಿಸ್ ಎಂಬ ಸೈಕಲ್ ರೇಸುಗಳನ್ನು ಮಾಡಲು ಬಳಸುತ್ತೇನೆಂದಾಗ, ವಿಜಯಪುರದ ನಮ್ಮ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. ಬೆಂಗಳೂರಿನ ಸೈಕಲ್ ಸವಾರ ನವೀನ್ ಜಾನ್ ಬಹಳ ಹಿಂದೆಯೇ ಅಲ್ಲಿಗೆ ಹೋಗಿ ರೇಸ್ ಮಾಡಿದ್ದಾರೆ ಎಂದರೆ, ಅವರು ಟೈಮ್ ಟ್ರಯಲ್‌ನಲ್ಲಿ (ಒಬ್ಬೊಬ್ಬರೇ ಗಡಿಯಾರದ ವಿರುದ್ಧ ತುಳಿಯುವ ರೇಸಿನಲ್ಲಿ) ರಾಷ್ಟ್ರೀಯ ಚಾಂಪಿಯನ್ ಆಗಿದ್ದವರು, ನೀನು ಯಾರು ಎಂಬ ಪ್ರಶ್ನೆ ಬರುತ್ತಿತ್ತು. ಕೋಚ್ ಇಲ್ಲದೆ, ತಂಡವಿಲ್ಲದೆ, ವಾರಕ್ಕೆ ಮೂರು ರೇಸ್ ಮಾಡಿ ಉಳಿದ ದಿನ ಕಾಲು ಸಡಿಲಿಸುವುದಕ್ಕೆ ತರಬೇತಿ ಎನ್ನುವುದಿಲ್ಲ ಎಂಬುದು ಹಿರಿಯ ಸವಾರರ ವಾದವಾಗಿತ್ತು. ಊರಿಗೆ ಮರಳಿದ ಮೇಲೆ ಅದೇ ಹಿರಿಯರು ಸೊಲ್ಲಾಪುರ ರಸ್ತೆಯಲ್ಲಿ ನನ್ನ ಹಿಂದಿನ ಚಕ್ರ ಬಿಡದೆ ಬರಲು ಪರದಾಡಿದ್ದರಿಂದ ಈಗ ಇದನ್ನು ಬರೆಯುವ ಧೈರ್ಯ ಬಂದಿದೆ.

ಮೊದಲು ಹಣದ ಮಾತು. ಎರಡೂವರೆ ತಿಂಗಳಿಗೆ ಒಟ್ಟು ಸುಮಾರು ಎರಡೂವರೆ ಲಕ್ಷ ರೂಪಾಯಿ ಖರ್ಚಾಯಿತು. ಇದರಲ್ಲಿ ಅರ್ಧದಷ್ಟು ಊಟ-ವಸತಿಗೆ ಹೋಯಿತು. ವಾರಕ್ಕೆ 130 ಯೂರೋ ಎಂದು ಮೊದಲೇ ಮಾತಾಗಿತ್ತು. ಸೈಕಲ್ ಪೆಟ್ಟಿಗೆಯ ಶುಲ್ಕವೂ ಸೇರಿ ವಿಮಾನಕ್ಕೆ ಎಪ್ಪತ್ತೈದು ಸಾವಿರ, ವೀಸಾ ಮತ್ತು ವಿಮೆಗೆ ಹದಿನೈದು ಸಾವಿರದ ಸುತ್ತಮುತ್ತ, ಉಳಿದದ್ದು ಟೈರು, ಚೈನು, ರೈಲು ಮತ್ತು ರೇಸಿನ ಶುಲ್ಕ. ಬೆಲ್ಜಿಯಂಗೆ ಬೇಕಾದ ಷೆಂಗೆನ್ ವೀಸಾದಲ್ಲಿ 180 ದಿನಗಳ ಅವಧಿಯೊಳಗೆ 90 ದಿನ ಮಾತ್ರ ಇರಬಹುದಾದ್ದರಿಂದ, ಮೇ ತಿಂಗಳ ಚಳಿಗಾಳಿಯಲ್ಲಿ ಆ ದಿನಗಳನ್ನು ಕಳೆಯದೆ, ಹೆಚ್ಚುಕಡಿಮೆ ದಿನವೂ ಎಲ್ಲಾದರೂ ರೇಸ್ ಇರುವ ಜುಲೈ, ಆಗಸ್ಟ್ ತಿಂಗಳುಗಳನ್ನು ನಡುವೆ ಇರಿಸಿಕೊಂಡು ಹೋಗುವುದು ಲೇಸು. ರೇಸಿಂಗ್ ಲೈಸೆನ್ಸಿನ ಜೊತೆಗೆ ನಮ್ಮ ಸೈಕ್ಲಿಂಗ್ ಫೆಡರೇಷನ್ನಿನ ಅನುಮತಿ ಪತ್ರವೂ ಕೈಯಲ್ಲಿರಬೇಕು, ಇಲ್ಲವಾದರೆ ರೇಸಿನಲ್ಲಿ ಬೆನ್ನಿಗೆ ಹಚ್ಚುವ ಬಿಬ್ ನಂಬರೇ ಸಿಗುವುದಿಲ್ಲ. ವಿಮಾನದ ಸಾಗಾಟದಲ್ಲಿ ನನ್ನ ಡಿರೇಲರ್ ಹ್ಯಾಂಗರ್ (ಗೇರ್ ಬದಲಿಸುವ ಸಾಧನವನ್ನು ಫ್ರೇಮಿಗೆ ಹಿಡಿಸುವ ಕೊಂಡಿ) ಬಾಗಿತ್ತು; ಬಿಡಿ ಹ್ಯಾಂಗರ್ ಎರಡು ಒಯ್ದಿದ್ದರಿಂದ ಬಚಾವಾದೆ.

ಮನೆ ಔಡೆನಾರ್ಡೆ ಪಟ್ಟಣದ ಹೊರಗಿತ್ತು. ಟೂರ್ ಆಫ್ ಫ್ಲಾಂಡರ್ಸ್ ಎಂಬ ಹೆಸರಾಂತ ವೃತ್ತಿಪರ ರೇಸು 2012ರಿಂದ ಮುಗಿಯುವುದು ಇದೇ ಪಟ್ಟಣದಲ್ಲಿ. ಮನೆಯವರು ನಿವೃತ್ತ ದಂಪತಿಗಳು, ಯಜಮಾನರು ಯೌವನದಲ್ಲಿ ಹವ್ಯಾಸಿ ರೇಸರ್ ಆಗಿದ್ದವರು. ಸೈಕಲ್ ತೊಳೆಯದೆ ಗ್ಯಾರೇಜಿನೊಳಗೆ ತರುವಂತಿಲ್ಲ, ಸಂಜೆ ಆರಕ್ಕೆ ಊಟದ ಮೇಜಿನ ಬಳಿ ಇರಬೇಕು, ಎಂಬ ಎರಡೇ ಕಟ್ಟಳೆಗಳು. ರೇಸಿನ ದಿನ ಎರಡನೆಯದಕ್ಕೆ ವಿನಾಯಿತಿ. ನಾನು ಮಾಂಸ ತಿನ್ನುವುದಿಲ್ಲ ಎಂದು ತಿಳಿದ ಮೇಲೆ ಮನೆಯೊಡತಿ ಮೊದಲ ವಾರವೆಲ್ಲ ಸೂಪು, ಬ್ರೆಡ್ಡು, ಆಲೂಗಡ್ಡೆಗಳಲ್ಲೇ ಹೊಟ್ಟೆ ತುಂಬಿಸಿದರು. ಆಮೇಲೆ ನಾನೇ ಬೇಳೆ, ಅನ್ನ ಮಾಡಲು ನಿಂತೆ. ಕೆಲವೇ ದಿನಗಳಲ್ಲಿ ಅವರೂ ಅದನ್ನೇ ಕೇಳತೊಡಗಿದರು.

ಕೆರ್ಮಿಸ್ ಎಂದರೆ ಊರಹಬ್ಬದ ರೇಸು. ಆರೆಂಟು ಕಿಲೋಮೀಟರಿನ ಸುತ್ತನ್ನು ಮತ್ತೆ ಮತ್ತೆ ಹಾಕಿ ಸುಮಾರು 110 ಕಿಲೋಮೀಟರ್ ಮುಗಿಸಬೇಕು. ಮಧ್ಯಾಹ್ನ ಮೂರರ ಹೊತ್ತಿಗೆ ಶುರು, ಊರಿನ ಕೆಫೆಯಲ್ಲಿ ನೋಂದಣಿ, ಕೆಲವೇ ಯೂರೋ ಶುಲ್ಕ. ಮೊದಲ ರೇಸಿನಲ್ಲಿ ಎರಡನೆಯ ಸುತ್ತು ಮುಗಿಯುವುದರೊಳಗೆ ಗುಂಪಿನಿಂದ ಕಳಚಿಬಿದ್ದೆ. ಮುಂದಿನದರಲ್ಲೂ ಅದೇ ಗತಿ. ಮೂರು ವಾರಗಳ ಕಾಲ ಒಂದು ರೇಸನ್ನೂ ಮುಗಿಸಲಾಗಲಿಲ್ಲ. ಹಿಂದೆ ಬಿದ್ದವರನ್ನು ಅಧಿಕಾರಿಗಳು ತೆಗೆದೇ ಹಾಕುತ್ತಾರೆ. ಆ ದಿನಗಳಲ್ಲಿ ಅಪ್ಪನಿಗೆ ಫೋನು ಮಾಡುವುದನ್ನೇ ಕಡಿಮೆ ಮಾಡಿದ್ದೆ, ಏಕೆಂದರೆ ದ್ರಾಕ್ಷಿ ಬೆಳೆಯ ಹಣದಿಂದ ಅವರು ಕೊಟ್ಟ ಎಂಬತ್ತು ಸಾವಿರವೂ ಇದರಲ್ಲಿತ್ತು.

ನನ್ನ ಕಾಲಿನಲ್ಲಿ ಬಲವಿತ್ತು. ಕೊರತೆ ಬೇರೆಡೆ ಇತ್ತು. ನಮ್ಮ ಕಡೆ ನೆಟ್ಟಗಿನ ಹೆದ್ದಾರಿಯಲ್ಲಿ ಇಪ್ಪತ್ತಿಪ್ಪತ್ತು ನಿಮಿಷ ಒಂದೇ ಸಮನೆ ತುಳಿಯುವುದನ್ನು ಕಲಿತಿರುತ್ತೇವೆ. ಅಲ್ಲಿ ಒಂದು ಸುತ್ತಿಗೆ ಹದಿನೈದು ತಿರುವುಗಳಿದ್ದರೆ, ಹದಿನಾಲ್ಕು ಸುತ್ತಿಗೆ ಇನ್ನೂರಕ್ಕೂ ಹೆಚ್ಚು ಬಾರಿ ವೇಗ ಇಳಿಸಿ ಮತ್ತೆ ಎಬ್ಬಿಸಬೇಕು. ನನ್ನ ತುಳಿತದ ಶಕ್ತಿ ಸರಾಸರಿ 230 ವ್ಯಾಟ್ ಆಸುಪಾಸಿನಲ್ಲಿತ್ತು, ಆದರೆ ಗುಂಪಿನ ಬಾಲದಲ್ಲಿದ್ದವನು ಪ್ರತಿ ತಿರುವಿನಾಚೆಗೂ 700 ವ್ಯಾಟ್ ಸುರಿಯಬೇಕಾಗುತ್ತಿತ್ತು. ಗುಂಪಿನ ಮುಂದಿನ ಇಪ್ಪತ್ತು ಸವಾರರಲ್ಲಿದ್ದವನಿಗೆ ಅದರ ಅರ್ಧ ಸಾಕು. ಇದರ ಮೇಲೆ ಅಡ್ಡಗಾಳಿ ಬೀಸಿತೆಂದರೆ ಗುಂಪು ರಸ್ತೆಯ ಅಗಲಕ್ಕೆ ಓರೆಯಾಗಿ ಹರಡುತ್ತದೆ, ಆ ಸಾಲಿನಲ್ಲಿ ಜಾಗ ಸಿಗದವರು ಅಂಚಿನ ಚರಂಡಿಯ ಪಕ್ಕ ಒಬ್ಬಂಟಿಯಾಗಿ ಗಾಳಿ ತಿನ್ನುತ್ತಾರೆ. ಕಾಂಕ್ರೀಟ್ ರಸ್ತೆಯ ನಡುವಿನ ಬಿರುಕು ಚಕ್ರವನ್ನು ಕಚ್ಚಿ ಹಿಡಿಯುವುದು ಬೇರೆ.

ಯಜಮಾನರ ಸಲಹೆಯಂತೆ, ಬಿಡುವು ಕೊಟ್ಟು ಕೊಟ್ಟು ಬಿರುಸಾಗಿ ತುಳಿಯುವ ಇಂಟರ್ವಲ್‌ಗಳನ್ನೆಲ್ಲ ನಿಲ್ಲಿಸಿದೆ. ಮಂಗಳವಾರ, ಗುರುವಾರ, ಭಾನುವಾರ ರೇಸು. ನಡುವಣ ದಿನಗಳಲ್ಲಿ ಸ್ಕೆಲ್ಡ್ ನದಿಯ ದಂಡೆಯ ಮೇಲೆ ಒಂದೂವರೆ ಗಂಟೆ ನಿಧಾನ ಸವಾರಿ, ಶನಿವಾರ ಅವರ ಊರಿನ ನಾಲ್ಕು ಮೂಲೆಗಳ ಸುತ್ತಿನಲ್ಲಿ ಬ್ರೇಕ್ ಮುಟ್ಟದೆ ತಿರುಗುವ ಅಭ್ಯಾಸ. ಆರಂಭದ ಗೆರೆಯ ಬಳಿ ಇಪ್ಪತ್ತು ನಿಮಿಷ ಮೊದಲೇ ಹೋಗಿ ಮುಂದಿನ ಸಾಲಿನಲ್ಲಿ ನಿಲ್ಲುತ್ತಿದ್ದೆ. ನಾಲ್ಕನೆಯ ವಾರ ಅರ್ಧ ರೇಸು, ಆರನೆಯ ವಾರ ಗುಂಪಿನೊಂದಿಗೇ ಮುಕ್ತಾಯ, ಆಗಸ್ಟಿನಲ್ಲಿ ಹದಿನೇಳನೆಯದೋ ಹದಿನೆಂಟನೆಯದೋ ಸ್ಥಾನ. ಗಂಟೆಗೆ 43 ಕಿಲೋಮೀಟರ್ ಮೀರಿದ ಸರಾಸರಿಯಲ್ಲಿ ಅದು ಬಂತೆಂಬುದನ್ನು ಸಂಕೋಚವಿಲ್ಲದೆ ಹೇಳಿಕೊಳ್ಳುತ್ತೇನೆ. ಕೊನೆಯ ಎರಡು ಸುತ್ತುಗಳಲ್ಲಿ ಯಾರ ಹಿಂದೆ ಕೂರಬೇಕೆಂದು ಆರಿಸುವ ಯಜಮಾನರ ಉಪಾಯವೊಂದಿದೆ. ಬರುವ ವರ್ಷವೂ ಹೋಗುವವನಾದ್ದರಿಂದ ಅದನ್ನು ಇಲ್ಲಿ ಬಿಚ್ಚಿಡಲಾರೆ.

ಒಂದು ಉಪಪ್ರಯೋಗವೂ ನಡೆಯಿತು. ಸವಾರಿಯಲ್ಲಿ ಶಕ್ತಿಗೆಂದು ನುಂಗುವ ಸಿಹಿ ಜೆಲ್ ಅಲ್ಲಿ ಒಂದಕ್ಕೆ ಎರಡು ಯೂರೋ. ಅವ್ವ ಕಟ್ಟಿಕೊಟ್ಟ ಶೇಂಗಾ ಹೋಳಿಗೆ ಮೂರು ವಾರ ಕೆಡದೆ ಉಳಿಯಿತು. ನಾಲ್ಕು ತುಂಡು ಮಾಡಿ ಜೆರ್ಸಿಯ ಜೇಬಿನಲ್ಲಿಟ್ಟುಕೊಂಡರೆ ದೂರದ ಸವಾರಿಗೆ ಅದಕ್ಕೆ ಸಮನಾದುದಿಲ್ಲ, ಆದರೆ ರೇಸಿನ ಬಿರುಸಿನಲ್ಲಿ ಅದೇ ಹೋಳಿಗೆ ಹೊಟ್ಟೆಯಲ್ಲಿ ಕಲ್ಲಾಗುತ್ತದೆ. ಕೊನೆಗೆ ನಮ್ಮ ಒಣದ್ರಾಕ್ಷಿಯನ್ನು ರಾತ್ರಿ ನೆನೆಸಿ, ಅರೆದು, ಸೋಸಿ, ಉಪ್ಪು ಬೆರೆಸಿ ಸಣ್ಣ ಬಾಟಲಿಗೆ ತುಂಬಿಕೊಂಡೆ, ಅದು ಹಿಡಿಸಿತು. ನೀರಿನ ಅಳತೆಯನ್ನು ನೀವೇ ಕಂಡುಕೊಳ್ಳಿ. ನನಗೆ ಅದಕ್ಕೆ ಒಂದು ತಿಂಗಳು ಹಿಡಿಯಿತು.

ಕೊಪ್ಪೆನ್‌ಬರ್ಗ್ ದಿಣ್ಣೆಯನ್ನು ಹತ್ತಲು ಕಳೆದ ದಿನಗಳು ಮಾತ್ರ ಕೆರ್ಮಿಸ್ಸಿಗೆ ನಯಾಪೈಸೆ ಉಪಯೋಗಕ್ಕೆ ಬರಲಿಲ್ಲ. 600 ಮೀಟರಿನ ಆ ಕಲ್ಲುಹಾಸಿನ ಏರು ಒಂದೆಡೆ 22 ಶೇಕಡಾ ಮುಟ್ಟುತ್ತದೆ, ಸೀಟಿನಿಂದೆದ್ದರೆ ಹಿಂದಿನ ಚಕ್ರ ಜಾರುತ್ತದೆ. ಅದಕ್ಕಾಗಿ ಕೊಂಡ 28 ಮಿಲಿಮೀಟರಿನ ಟೈರುಗಳು 70 ಪಿಎಸ್ಐ ಒತ್ತಡದಲ್ಲಿ ರೇಸುಗಳಿಗೂ ಒದಗಿದವು ಎಂಬುದಷ್ಟೇ ಲಾಭ.

ಬಹುಮಾನದ ಹಣವೆಲ್ಲ ಕೂಡಿ ನೂರು ಯೂರೋ ಆಗಿರಬಹುದು. ಅದು ಬಂದ ಹಾಗೆಯೇ ಟೈರು, ಬ್ರೇಕ್ ಪ್ಯಾಡುಗಳಿಗೆ ಹೋಯಿತು. ಬರುವ ಬೇಸಿಗೆಗೆ ಅದೇ ಮನೆಯವರು ಇಬ್ಬರಿಗೆ ಜಾಗವಿದೆ ಎಂದಿದ್ದಾರೆ, ಮತ್ತು ಮೊದಲು ನಕ್ಕಿದ್ದ ಬಳಗದಿಂದ ಈಗಾಗಲೇ ನಾಲ್ವರು ಕೇಳಿಕೊಂಡು ಬಂದಿದ್ದಾರೆ.